ಒಳಗೆ ನಡೀರಿ, ಒಳಗೆ ನಡೀರಿ

2016ರ ಜೂನ್ 23ರಂದು ನಮ್ಮಕ್ಕನ ಮಗ ಯುರೋಪಿನ ಹಣೆಬರಹ ಬರೆದ. ಅವನೊಬ್ಬನೇ ಬರೆದ ಎಂದರೆ ಸ್ವಲ್ಪ ಜಾಸ್ತಿಯಾದೀತು. ಜೊತೆಗೆ ಇನ್ನೂ ಮೂರೂಕಾಲು ಕೋಟಿಗೆ ಮಿಕ್ಕಿ ಜನ ಇದ್ದರು. ಆದರೆ ಕೆ.ಆರ್. ಪೇಟೆ ತಾಲ್ಲೂಕಿನ ಪರವಾಗಿ ಬರೆದವನು ಇವನೊಬ್ಬನೇ ಎಂದು ಅಕ್ಕ ಊರಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ. ಅಲ್ಲ ಎಂದು ಎದುರು ನಿಂತವರು ಇದುವರೆಗೆ ಯಾರೂ ಸಿಕ್ಕಿಲ್ಲ.

ಸಾಫ್ಟ್‌ವೇರ್ ಕೆಲಸದ ಮೇಲೆ ಇಂಗ್ಲೆಂಡಿನ ಸ್ವಿಂಡನ್ ಎಂಬ ಊರಿಗೆ ಹೋಗಿ ಅವನಿಗೆ ಆಗಿನ್ನೂ ಎರಡು ವರ್ಷ. ಜೇಬಿನಲ್ಲಿದ್ದದ್ದು ನಮ್ಮ ನಾಲ್ಕು ಸಿಂಹದ ಪಾಸ್‌ಪೋರ್ಟೇ. ಮನೆಗೆ ಬಂದ ಯಾವುದೋ ಫಾರಂ ತುಂಬಿ ಕಳಿಸಿದ್ದನಂತೆ. ಒಂದು ದಿನ ಬಾಗಿಲ ಕಿಂಡಿಯಿಂದ ಕಾರ್ಡೊಂದು ಒಳಗೆ ಬಿತ್ತು: ಬ್ರಿಟನ್ ಐರೋಪ್ಯ ಒಕ್ಕೂಟದಲ್ಲಿ ಇರಬೇಕೋ, ಬಿಟ್ಟು ಬರಬೇಕೋ, ಬಂದು ಓಟು ಹಾಕಿ ಎಂದು. ಹುಡುಗ ಹೌಹಾರಿದ. 2014ರ ಲೋಕಸಭೆ ಚುನಾವಣೆ ನಮ್ಮಲ್ಲಿ ಗುರುವಾರ ಬಂದು, ಮಾರನೆಯ ದಿನ ಗುಡ್‌ಫ್ರೈಡೆ ಆಗಿ, ನಾಲ್ಕು ದಿನದ ರಜೆ ಒಟ್ಟಿಗೆ ಸಿಕ್ಕಿತೆಂದು ಕೊಡಗಿಗೆ ಹೋಗಿ ಕೂತಿದ್ದವನು ಇವನು. ಸ್ವಂತ ದೇಶದ ಭವಿಷ್ಯವನ್ನು ಹೋಂಸ್ಟೇಯಲ್ಲಿ ಮಲಗಿ ಕಳೆದವನ ಮುಂದೆ ಈಗ ಇಪ್ಪತ್ತೆಂಟು ದೇಶಗಳ ಭವಿಷ್ಯ ಬಂದು ನಿಂತಿತ್ತು.

ನಿಯಮ ಹಾಗಿತ್ತು. ಕಾಮನ್‌ವೆಲ್ತ್ ದೇಶಗಳ ಪ್ರಜೆಗಳು ಕಾನೂನುಬದ್ಧವಾಗಿ ಬ್ರಿಟನ್ನಿನಲ್ಲಿ ವಾಸವಿದ್ದರೆ ಅವರಿಗೆ ಅಲ್ಲಿ ಓಟು ಉಂಟು. ಇನ್ನೂರು ವರ್ಷ ನಮ್ಮನ್ನು ಆಳಿದ್ದಕ್ಕೆ ಕೊಟ್ಟ ಬಡ್ಡಿ ಎಂದುಕೊಳ್ಳಿ. ಆದರೆ ಫ್ರಾನ್ಸಿನಿಂದಲೋ ಪೋಲೆಂಡಿನಿಂದಲೋ ಬಂದು ಇಪ್ಪತ್ತು ವರ್ಷ ತೆರಿಗೆ ಕಟ್ಟಿದವನಿಗೆ ಇಲ್ಲ. ನಮ್ಮ ಹುಡುಗನ ಪಕ್ಕದ ಮನೆಯಲ್ಲಿದ್ದವರು ಗೋವಾದ ಕಾಣಕೋಣದ ಕಡೆಯ ಹಿರಿಯರು. ಸ್ವಿಂಡನ್ನಿನಲ್ಲಿ ಗೋವಾದವರು ಬಹಳ. 1961ಕ್ಕೆ ಮುಂಚೆ ಪೋರ್ಚುಗೀಸರ ಗೋವಾದಲ್ಲಿ ಹುಟ್ಟಿದವರು, ಅವರ ಮಕ್ಕಳು, ಮೊಮ್ಮಕ್ಕಳು ಪೋರ್ಚುಗಲ್ಲಿನ ಪೌರತ್ವ ಪಡೆಯಬಹುದು. ಅದು ಕೈಗೆ ಬಂದರೆ ಯುರೋಪೆಲ್ಲ ತೆರೆದ ಬಾಗಿಲು. ಲಿಸ್ಬನ್ ಕಣ್ಣಿಂದ ನೋಡದ ಆ ಹಿರಿಯರು ಕಾಗದದ ಮೇಲೆ ಅಪ್ಪಟ ಯುರೋಪಿಯನ್. ಹಾಗಾಗಿಯೇ ಅವರಿಗೆ ಓಟಿಲ್ಲ. ಇಂಡಿಯನ್ ಆಗಿಯೇ ಉಳಿದಿದ್ದರೆ ಇತ್ತು. ಯಾರ ಮನೆ ಮಾಡು ತೆಗೆಯಬೇಕೆಂದು ಮಾತು ನಡೆದಿತ್ತೋ ಅವರನ್ನು ಹೊರಗೆ ಕೂರಿಸಿ, ನೋಡಲು ಬಂದ ನೆಂಟನ ಅಭಿಪ್ರಾಯ ಕೇಳಿದ ಹಾಗಾಯಿತು.

ಆ ದಿನ ಇಂಗ್ಲೆಂಡಿನ ದಕ್ಷಿಣದಲ್ಲಿ ಜೋರು ಮಳೆ. ಛತ್ರಿ ಹಿಡಿದು ಮತಗಟ್ಟೆಗೆ ಹೋದರೆ ಅಲ್ಲಿ ಪೊಲೀಸರಿಲ್ಲ, ಸಾಲಿಲ್ಲ, ಗುರುತಿನ ಚೀಟಿಯನ್ನೂ ಕೇಳಲಿಲ್ಲ. ಒಂದು ಹಾಳೆ ಕೊಟ್ಟರು. ಗೂಡಿನೊಳಗೆ ದಾರ ಕಟ್ಟಿದ ಪೆನ್ಸಿಲು. ಎರಡು ಚೌಕ, ಒಂದರಲ್ಲಿ ಗುಣಾಕಾರದ ಗುರುತು. ಮುಗಿಯಿತು. ರಾತ್ರಿ ವಿಡಿಯೋ ಕಾಲ್‌ನಲ್ಲಿ ಅಕ್ಕ ಮೊದಲು ಕೇಳಿದ್ದು ಯಾವ ಕಡೆ ಹಾಕಿದೆ ಎಂದಲ್ಲ.

“ಬೆರಳು ತೋರ್ಸೋ.”

ತೋರಿಸಿದ. ಬೆರಳು ಬೆಳ್ಳಗಿತ್ತು. ಮೈಸೂರಿನ ಬಣ್ಣದ ಕಾರ್ಖಾನೆಯ ಮಸಿ 1962ರಿಂದ ನಮ್ಮ ದೇಶದ ಬೆರಳುಗಳನ್ನೆಲ್ಲ ಕಾಯುತ್ತಿದೆ, ಹೊರದೇಶಗಳಿಗೂ ಹೋಗುತ್ತದೆ. ಬ್ರಿಟನ್ನಿಗೆ ಮಾತ್ರ ಅದರ ಅಗತ್ಯ ಬಿದ್ದಿಲ್ಲ. ಅಕ್ಕನಿಗೆ ನಂಬಿಕೆ ಹುಟ್ಟಲಿಲ್ಲ. “ಮಸೀನೇ ಹಚ್ಚಲಿಲ್ಲ ಅಂದ್ರೆ ಅದೆಂಥ ಓಟೋ? ಇಷ್ಟ ಆಗದಿದ್ರೆ ಇನ್ನೊಂದ್ಸಲ ಹೋಗಿ ಹಾಕ್ಬೋದು ಅನ್ನು.”

ನಾನು ನಕ್ಕುಬಿಟ್ಟೆ. ಆಮೇಲೆ ಯೋಚಿಸಿದರೆ, ಐರೋಪ್ಯ ಒಕ್ಕೂಟದ ಇತಿಹಾಸವನ್ನು ಇಷ್ಟು ಚಿಕ್ಕದಾಗಿ ಹೇಳಿದವರು ಬೇರೆ ಇಲ್ಲ. 1992ರಲ್ಲಿ ಡೆನ್ಮಾರ್ಕಿನ ಜನ ಮಾಸ್ಟ್ರಿಕ್ಟ್ ಒಪ್ಪಂದ ಬೇಡ ಎಂದರು. ಒಂದಿಷ್ಟು ರಿಯಾಯಿತಿ ಕೊಟ್ಟು 1993ರಲ್ಲಿ ಮತ್ತೆ ಕೇಳಿದರು, ಹೂಂ ಎಂದರು. ಐರ್ಲೆಂಡಿನವರು 2001ರಲ್ಲಿ ಒಂದು ಒಪ್ಪಂದಕ್ಕೆ ಇಲ್ಲ ಎಂದು 2002ರಲ್ಲಿ ಹೌದು ಎಂದರು. 2008ರಲ್ಲಿ ಇನ್ನೊಂದಕ್ಕೆ ಇಲ್ಲ ಎಂದು 2009ರಲ್ಲಿ ಹೌದು ಎಂದರು. ಗಂಡಿನ ಕಡೆಯವರು ಮತ್ತೆ ಮತ್ತೆ ಹೇಳಿಕಳಿಸಿ ಹೆಣ್ಣನ್ನು ಒಪ್ಪಿಸುವ ರೀತಿ ಇದು. ಬೆರಳಿಗೆ ಮಸಿ ಇದ್ದಿದ್ದರೆ ಕಷ್ಟವಾಗುತ್ತಿತ್ತು.

ಅಕ್ಕನ ಇನ್ನೊಂದು ಗೊಂದಲ ‘ಒಕ್ಕೂಟ’ ಎಂಬ ಮಾತಿನದು. ಮಂಡ್ಯ ಜಿಲ್ಲೆಯ ಹೆಂಗಸಿಗೆ ಒಕ್ಕೂಟ ಎಂದರೆ ಹಾಲಿನ ಒಕ್ಕೂಟವೇ. ಎರಡು ಹಸು ಕಟ್ಟಿಕೊಂಡಿರುವ ಅಕ್ಕ ಬೆಳಿಗ್ಗೆ ಸಂಜೆ ಡೈರಿಗೆ ಹಾಲು ಹಾಕುವವಳು. “ಅವರಿಗೂ ಫ್ಯಾಟ್ ಕಮ್ಮಿ ತೋರಿಸ್ತಾರಾ?” ಎಂದು ಕೇಳಿದಳು. ಅಲ್ಲಕ್ಕ, ಇದು ದೇಶಗಳ ಒಕ್ಕೂಟ, 1951ರಲ್ಲಿ ಆರು ದೇಶಗಳು ಕಲ್ಲಿದ್ದಲು, ಉಕ್ಕಿನ ವ್ಯವಹಾರಕ್ಕೆಂದು ಸೇರಿ ಶುರು ಮಾಡಿದ್ದು ಎಂದು ಬಿಡಿಸಿ ಹೇಳಲು ಹೊರಟವನು ನಡುವೆಯೇ ನಿಲ್ಲಿಸಿದೆ. ಅಕ್ಕ ಹೇಳಿದ್ದರಲ್ಲಿ ತಪ್ಪೇನಿತ್ತು? ಒಕ್ಕೂಟದ ಬೊಕ್ಕಸದ ದೊಡ್ಡ ಪಾಲು ಬಹಳ ಕಾಲ ಹೋದದ್ದು ರೈತರಿಗೇ. ಎಷ್ಟು ಬೆಳೆದರೂ ಕಟ್ಟಿಟ್ಟ ಬೆಲೆಗೆ ಕೊಳ್ಳುತ್ತೇವೆಂದು ಮಾತು ಕೊಟ್ಟು, ಎಪ್ಪತ್ತು ಎಂಬತ್ತರ ದಶಕದಲ್ಲಿ ಬೆಣ್ಣೆಯ ಬೆಟ್ಟ, ಹಾಲಿನ ಕೆರೆ ಎಂದು ಜನ ಆಡಿಕೊಳ್ಳುವ ಹಾಗಾಗಿತ್ತು. ಕೊನೆಗೆ 1984ರಲ್ಲಿ ಯಾವ ದೇಶ ಎಷ್ಟು ಹಾಲು ಕರೆಯಬಹುದು ಎಂದು ಕೋಟಾ ಹಾಕಿದರು, ತೆಗೆದದ್ದು 2015ರಲ್ಲಿ. ಕೃಷ್ಣನಿಗೆ ಸಿಗಬೇಕಾಗಿದ್ದ ಬೆಟ್ಟ ಗೋದಾಮಿನಲ್ಲಿ ಮರಗಟ್ಟಿ ಕೂತಿತ್ತು.

ಡೈರಿಯ ಮುಂದೆ ಅರ್ಧ ಗಂಟೆ ನಿಂತರೆ ಸದಸ್ಯತ್ವ ಎಂದರೇನು ಎಂದು ತಿಳಿಯುತ್ತದೆ. ಮಿಷನ್ನಿನ ಮೇಲೆ ಅನುಮಾನ, ಡಿಗ್ರಿಯ ಮೇಲೆ ಅನುಮಾನ, ಮುಂದಿನವನ ಕ್ಯಾನಿನಲ್ಲಿರುವ ನೀರಿನ ಬಗ್ಗೆ ಅನುಮಾನವೇ ಇಲ್ಲ, ಖಾತ್ರಿ. ಎಲ್ಲರೂ ಬೈಯುತ್ತಾರೆ. ಸಂಜೆ ಎಲ್ಲರೂ ಕ್ಯಾನು ಹಿಡಿದು ಮತ್ತೆ ಬರುತ್ತಾರೆ. ಬಟವಾಡೆಯ ದಿನ ಯಾರೂ ಬೈಯುವುದಿಲ್ಲ, ಎಣಿಸುತ್ತಾರೆ.

ಬ್ರಿಟನ್ನಿನ ಗೋಳು ಇನ್ನೊಂದು ತರಹದ್ದು. ಒಲ್ಲದ ಗಂಡನಿಗೆ ಮೊಸರಲ್ಲೂ ಕಲ್ಲು ಎಂಬ ಗಾದೆಯಲ್ಲಿ ಮೊಸರಿನ ಜಾಗಕ್ಕೆ ಸೌತೆಕಾಯಿ ಹಾಕಿಕೊಳ್ಳಿ. 1988ರ ಒಂದು ಐರೋಪ್ಯ ನಿಯಮದ ಪ್ರಕಾರ ಮೇಲ್ದರ್ಜೆಯ ಸೌತೆಕಾಯಿ ಹತ್ತು ಸೆಂಟಿಮೀಟರ್ ಉದ್ದಕ್ಕೆ ಹತ್ತು ಮಿಲಿಮೀಟರಿಗಿಂತ ಹೆಚ್ಚು ಬಾಗಿರಬಾರದು. ಕಾರಣ ಇಷ್ಟೇ: ನೆಟ್ಟಗಿದ್ದರೆ ಪೆಟ್ಟಿಗೆಗೆ ಎಷ್ಟು ಹಿಡಿಯುತ್ತದೆ ಎಂದು ನೋಡದೆಯೇ ಲೆಕ್ಕ ಹಾಕಬಹುದು. ಇದನ್ನು ಓದಿದ ದಿನ ನಾನು ಮೊಮ್ಮಗಳ ಜಾಮೆಟ್ರಿ ಬಾಕ್ಸಿನ ಸ್ಕೇಲು ಜೇಬಿಗೆ ಹಾಕಿಕೊಂಡು ಮೈಸೂರಿನ ದೇವರಾಜ ಮಾರುಕಟ್ಟೆಗೆ ಹೋದೆ. ಒಂದು ಎಳೆ ಸೌತೆಯನ್ನು ಕಟ್ಟೆಯ ಮೇಲೆ ಮಲಗಿಸಿ, ಅದರ ಹೊಟ್ಟೆಯ ಕೆಳಗೆ ಸ್ಕೇಲು ನಿಲ್ಲಿಸಿ ನೋಡಿದರೆ ಹದಿನಾಲ್ಕು ಮಿಲಿಮೀಟರ್. ಇನ್ನೊಂದು, ಹದಿನೇಳು. ಮಾರುವ ಹೆಂಗಸು ಸ್ವಲ್ಪ ಹೊತ್ತು ನೋಡಿದಳು. “ತಿನ್ನಕ್ಕೆ ತಗೋತೀರೋ, ಅಳತೆ ತಗೊಂಡು ಶರ್ಟು ಹೊಲಿಸ್ತೀರೋ?” ಎಂದಳು. ಅರ್ಧ ಕೆಜಿ ಕೊಂಡು ಬಂದೆ. ಉಪ್ಪು ಖಾರ ಹಚ್ಚಿದ ಮೇಲೆ ಡೊಂಕು ತಿಳಿಯಲಿಲ್ಲ.

ಬಾಳೆಹಣ್ಣಿನದು ಇನ್ನೂ ದೊಡ್ಡ ಕಥೆ. 1994ರ ನಿಯಮ ಹಣ್ಣು ಕನಿಷ್ಠ 14 ಸೆಂಟಿಮೀಟರ್ ಉದ್ದ, 27 ಮಿಲಿಮೀಟರ್ ದಪ್ಪ ಇರಬೇಕು, ‘ಅಸಹಜ’ವಾಗಿ ಬಾಗಿರಬಾರದು ಎಂದಿತು. ಬಾಳೆಹಣ್ಣಿಗೆ ಸಹಜವಾದ ಬಾಗು ಎಷ್ಟು ಎಂದು ಬರೆಯಲಿಲ್ಲ. ಬರೆಯುವುದು ಬ್ರಹ್ಮನಿಗೂ ಕಷ್ಟ. ಲಂಡನ್ನಿನ ಪತ್ರಿಕೆಗಳಿಗೆ ಅಷ್ಟು ಸಾಕಾಯಿತು. ಬ್ರಸೆಲ್ಸ್ ನಮ್ಮ ಬಾಳೆಹಣ್ಣನ್ನು ನೆಟ್ಟಗೆ ಮಾಡುತ್ತಿದೆ ಎಂದು ವರ್ಷಾನುಗಟ್ಟಲೆ ಬರೆದರು. ತೊಂಬತ್ತರ ದಶಕದ ಶುರುವಿನಲ್ಲಿ ಬ್ರಸೆಲ್ಸಿನಲ್ಲಿ ಕೂತು ಇಂಥ ಧಾಟಿಯ ವರದಿ ಕಳಿಸುವುದರಲ್ಲಿ ಎತ್ತಿದ ಕೈ ಎನಿಸಿದ್ದ ಬೋರಿಸ್ ಜಾನ್ಸನ್, ಮುಂದೆ ಪ್ರಧಾನಿಯಾಗಿ ದೇಶವನ್ನು ಒಕ್ಕೂಟದಿಂದ ಇಳಿಸಿಕೊಂಡು ಹೋದರು. ಸೌತೆಕಾಯಿಯ ನಿಯಮವನ್ನು 2009ರಲ್ಲೇ ತೆಗೆದುಹಾಕಿದ್ದರು. ಆದರೆ ಬೈಗುಳಕ್ಕೆ ರದ್ದತಿಯ ಆದೇಶ ತಲುಪುವುದಿಲ್ಲ. ಅಂದಹಾಗೆ, ಆ ಬಾಳೆಯ ನಿಯಮ ಬೇರೆ ತಳಿಗಳಿಗೆ ಬರೆದದ್ದು; ನಮ್ಮ ಯಾಲಕ್ಕಿ ಬಾಳೆಯನ್ನು ಅದರ ಮುಂದೆ ನಿಲ್ಲಿಸಿದ್ದರೆ, ಬಾಲವಾಡಿಗೆ ಹೋಗಪ್ಪ ಎಂದು ವಾಪಸು ಕಳಿಸುತ್ತಿದ್ದರು.

ಲೋಕದ ಡೊಂಕಿನ ವಿಚಾರದಲ್ಲಿ ನಮಗೆಲ್ಲ ಬುದ್ಧಿ ಹೇಳಿದ ಬಸವಣ್ಣನವರ ಪ್ರತಿಮೆ ಥೇಮ್ಸ್ ನದಿಯ ದಡದಲ್ಲಿ ಅನಾವರಣವಾದದ್ದು 2015ರ ನವೆಂಬರಿನಲ್ಲಿ. ಏಳು ತಿಂಗಳಿಗೆ ಈ ಓಟು. ಅಲ್ಲಿ ಯಾರಿಗೂ ಕನ್ನಡ ಬರುವುದಿಲ್ಲವಲ್ಲ.

ಒಕ್ಕೂಟದವರಿಗೆ ಜನರ ಮನಸ್ಸಿನಲ್ಲೇನಿದೆ ಎಂದು ತಿಳಿಯುವ ಹಂಬಲ ಮೊದಲಿನಿಂದಲೂ ಇದೆ. ಎಪ್ಪತ್ತರ ದಶಕದ ಮೊದಲ ಭಾಗದಿಂದ ಯೂರೋಬ್ಯಾರೋಮೀಟರ್ ಎಂಬ ಸಮೀಕ್ಷೆ ನಡೆಸುತ್ತ ಬಂದಿದ್ದಾರೆ. ಹಳೆಯ ಪ್ರಶ್ನೆಯೊಂದಿದೆ: ನಿಮ್ಮ ದೇಶ ಒಕ್ಕೂಟದ ಸದಸ್ಯನಾಗಿರುವುದು ಒಳ್ಳೆಯದೋ, ಕೆಟ್ಟದ್ದೋ, ಒಳ್ಳೆಯದೂ ಅಲ್ಲ ಕೆಟ್ಟದ್ದೂ ಅಲ್ಲವೋ? ಈ ಮೂರನೆಯ ಉತ್ತರ ನನಗೆ ಬಹಳ ಇಷ್ಟ. ನಮ್ಮ ಕಡೆ ಯಾರನ್ನಾದರೂ ಹೇಗಿದೀರಿ ಎಂದು ಕೇಳಿ. “ಏನೋ, ಹಿಂಗೇ ಇದೀವಿ” ಎನ್ನುತ್ತಾರೆ. ಚೆನ್ನಾಗಿದ್ದೇನೆ ಎಂದರೆ ದೃಷ್ಟಿ, ಚೆನ್ನಾಗಿಲ್ಲ ಎಂದರೆ ಸಾಲ ಕೇಳುತ್ತಾನೆಂಬ ಗುಮಾನಿ. ಯುರೋಪಿನವರ ‘ಹಿಂಗೇ ಇದೀವಿ’ಯನ್ನು ಅರ್ಧ ಶತಮಾನ ಅಳೆಯುತ್ತ ಬಂದಿದ್ದಾರೆ. ಬ್ರಿಟನ್ ಹೊರಡುತ್ತೇನೆ ಎಂದ ಮೇಲೆ ಉಳಿದ ದೇಶಗಳಲ್ಲಿ ‘ಒಳ್ಳೆಯದು’ ಎನ್ನುವವರು ಜಾಸ್ತಿಯಾದರು. ಮನೆಯಿಂದ ಬೇರೆಯಾದ ಅಣ್ಣ ಹಾಲಿಗೂ ಪರದಾಡುವುದನ್ನು ನೋಡಿ ತಮ್ಮಂದಿರು ಅತ್ತಿಗೆಯ ಅಡಿಗೆ ಹೊಗಳಲು ಶುರು ಮಾಡಿದರು.

ದುಡ್ಡು ಕೊಟ್ಟರೆ ಪ್ರೀತಿ ಬರುತ್ತದೆ ಎಂಬ ಲೆಕ್ಕವೂ ಅಲ್ಲಿ ತಪ್ಪಿತು. ವೇಲ್ಸಿನ ಎಬ್ಬು ವೇಲ್ ಎಂಬ ಉಕ್ಕಿನ ಊರು. ಕಾರ್ಖಾನೆ ಮುಚ್ಚಿ ಊರು ಬಡವಾದ ಮೇಲೆ ಒಕ್ಕೂಟದ ದುಡ್ಡು ಹರಿದು ಬಂತು. ರಸ್ತೆ, ರೈಲು, ಕಾಲೇಜು, ಎಲ್ಲ ಕಡೆ ನೀಲಿ ಬಾವುಟದ ಫಲಕ. ಆ ಊರಿರುವ ಬ್ಲೈನೈ ಗ್ವೆಂಟ್ ಪ್ರದೇಶದಲ್ಲಿ ನೂರಕ್ಕೆ 62 ಜನ ಬಿಟ್ಟು ಹೋಗೋಣ ಎಂದರು. ಪಂಡಿತರು ಬೆಚ್ಚಿಬಿದ್ದರು. ನಾನು ಬೆಚ್ಚಲಿಲ್ಲ. ನಮ್ಮ ಪ್ರತಿ ಬಸ್ ತಂಗುದಾಣದ ಮೇಲೂ ‘ಮಾನ್ಯ ಶಾಸಕರ ಅನುದಾನದಲ್ಲಿ’ ಎಂದು ಶಾಸಕರ ಭಾವಚಿತ್ರಕ್ಕಿಂತ ದಪ್ಪ ಅಕ್ಷರದಲ್ಲಿ ಬರೆದಿರುತ್ತದೆ. ಅದರ ನೆರಳಲ್ಲಿ ಕೂತೇ ಜನ ಈ ಸಲ ಇವನನ್ನು ಸೋಲಿಸಬೇಕು ಎಂದು ಮಾತಾಡುವುದು. ಬೇರೆ ಕಡೆ ಕೂತು ಮಾತಾಡೋಣವೆಂದರೆ ನೆರಳಿಲ್ಲ.

ಬಸ್ಸಿನ ಮಾತು ಬಂತು. ಸಂತೆಯ ದಿನ ಕೆ.ಆರ್. ಪೇಟೆಯಿಂದ ಮೈಸೂರಿಗೆ ಬಸ್ಸು ಹತ್ತಿದವರಿಗೆ ಐರೋಪ್ಯ ಒಕ್ಕೂಟದ ವಿಸ್ತರಣೆಯನ್ನು ಬೇರೆ ವಿವರಿಸಬೇಕಾಗಿಲ್ಲ. ಕೆಳಗೆ ನಿಂತವನು “ಒಳಗೆ ಬೇಕಾದಷ್ಟು ಜಾಗ ಐತೆ, ಸ್ವಲ್ಪ ಸರೀರಿ” ಎನ್ನುತ್ತಾನೆ. ಒಂದು ಕಾಲು ಮೆಟ್ಟಿಲ ಮೇಲೆ, ಆಮೇಲೆ ಎರಡನೆಯದು. ಒಳಗೆ ಬಂದು ಕಂಬಿ ಹಿಡಿದು ಉಸಿರು ಬಿಟ್ಟವನೇ ತಿರುಗಿ, “ಎಲ್ಲಿ ಹತ್ತುತೀಯೋ, ಕಾಣಲ್ವ, ಇಲ್ಲಿ ಜಾಗ ಇಲ್ಲ” ಎನ್ನುತ್ತಾನೆ. ಎರಡು ಮಾತಿಗೂ ನಡುವೆ ಅರ್ಧ ನಿಮಿಷ. ಯುರೋಪಿನಲ್ಲಿ ಹತ್ತಿಪ್ಪತ್ತು ವರ್ಷ ತೆಗೆದುಕೊಳ್ಳುತ್ತಾರೆ, ಅಷ್ಟೇ ವ್ಯತ್ಯಾಸ.

ಬ್ರಿಟನ್ನನ್ನು ಮೊದಲು ಹತ್ತಿಸಲೇ ಇಲ್ಲ. ಫ್ರಾನ್ಸಿನ ಡಿ ಗಾಲ್ 1963ರಲ್ಲೊಮ್ಮೆ, 1967ರಲ್ಲೊಮ್ಮೆ ಬಾಗಿಲಿಗೆ ಅಡ್ಡ ನಿಂತು ಬೇಡ ಎಂದರು. ಅವರು ಅಧಿಕಾರ ಬಿಟ್ಟ ಮೇಲೆ 1973ರಲ್ಲಿ ಬ್ರಿಟನ್ ಹತ್ತಿತು. ಎರಡೇ ವರ್ಷಕ್ಕೆ, ಹತ್ತಿದ್ದು ಸರಿಯೋ ತಪ್ಪೋ ಎಂದು ಜನಮತ ಕೇಳಿ ನೂರಕ್ಕೆ 67 ಜನ ಸರಿ ಎಂದರು. ಆಗ ಪರವಾಗಿ ಪ್ರಚಾರ ಮಾಡಿದ ಮಾರ್ಗರೆಟ್ ಥ್ಯಾಚರ್ ಒಂಬತ್ತು ದೇಶಗಳ ಬಾವುಟ ಹೆಣೆದ ಸ್ವೆಟರ್ ತೊಟ್ಟಿದ್ದರು. ಅದೇ ಮಹಾತಾಯಿ ಪ್ರಧಾನಿಯಾದ ಮೇಲೆ ಟಿಕೆಟ್ಟಿನ ದುಡ್ಡು ಜಾಸ್ತಿಯಾಯಿತು, ನಮ್ಮ ಚಿಲ್ಲರೆ ವಾಪಸು ಕೊಡಿ ಎಂದು ಹಟ ಹಿಡಿದರು. ನಮ್ಮ ಕಂಡಕ್ಟರು ಟಿಕೆಟ್ಟಿನ ಹಿಂದೆ ಬರೆದುಕೊಡುತ್ತಾನೆ, ಇಳಿಯುವಾಗ ನಾವು ಮರೆಯುತ್ತೇವೆ. ಆಕೆ ಮರೆಯುವ ಪೈಕಿ ಅಲ್ಲ. 1984ರಲ್ಲಿ ಬರೆಸಿಕೊಂಡ ಆ ಚಿಲ್ಲರೆಯನ್ನು ಬ್ರಿಟನ್ ಇಳಿಯುವವರೆಗೂ ವರ್ಷ ವರ್ಷ ಎಣಿಸಿಕೊಂಡಿತು. ಇಳಿದದ್ದೂ ಸುಲಭಕ್ಕಲ್ಲ. 2017ರ ಮಾರ್ಚಿನಲ್ಲಿ ಗಂಟೆ ಬಾರಿಸಿ, ಬಾಗಿಲಲ್ಲಿ ನಿಂತು ಮುಂದಿನ ಸ್ಟಾಪಿಗೆ ಇಳೀತೀನಿ ಎನ್ನುತ್ತ ಎನ್ನುತ್ತ ಕೊನೆಗೆ ಕೆಳಗೆ ಕಾಲಿಟ್ಟದ್ದು 2020ರ ಜನವರಿ 31ರ ರಾತ್ರಿ.

ನಾರ್ವೆಯದು ವಿಚಿತ್ರ ಮರ್ಜಿ. 1972ರಲ್ಲಿ, 1994ರಲ್ಲಿ ಎರಡು ಸಲ ಸರ್ಕಾರ ಎಲ್ಲ ಮಾತುಕತೆ ಮುಗಿಸಿ ಬಂತು, ಎರಡು ಸಲವೂ ಜನ ಬೇಡ ಎಂದರು. ಆದರೂ ಒಕ್ಕೂಟದ ಮಾರುಕಟ್ಟೆ ಬೇಕೆಂದು ಅದರ ಬಹುಪಾಲು ನಿಯಮ ಪಾಲಿಸುತ್ತಾರೆ, ದುಡ್ಡೂ ಕೊಡುತ್ತಾರೆ, ನಿಯಮ ಮಾಡುವಾಗ ಕೈ ಎತ್ತುವ ಹಕ್ಕು ಮಾತ್ರ ಇಲ್ಲ. ಟಿಕೆಟ್ ತೆಗೆಸಿ ಹಿಂದಿನ ಏಣಿಯ ಮೇಲೆ ನಿಂತವರು. ಗಾಳಿ ಚೆನ್ನಾಗಿ ಬರುತ್ತದೆ ಎನ್ನುತ್ತಾರೆ.

2004ರ ಮೇ 1ರಂದು ಹತ್ತು ದೇಶಗಳು ಒಟ್ಟಿಗೆ ಹತ್ತಿದವು. ಹತ್ತುವ ಮೊದಲು, ಒಂದನ್ನು ಬಿಟ್ಟು, ಅವರವರ ಊರಲ್ಲಿ ಜನಮತ. ಮಾಲ್ಟಾದಲ್ಲಿ 2003ರ ಮಾರ್ಚಿನಲ್ಲಿ ಓಟು ಹಾಕಿದವರಲ್ಲಿ ಅರ್ಧಕ್ಕಿಂತ ಹೆಚ್ಚು, ನೂರಕ್ಕೆ ಸುಮಾರು 54, ಬೇಕು ಎಂದರು. ವಿರೋಧ ಪಕ್ಷದ ನಾಯಕ ಆಲ್ಫ್ರೆಡ್ ಸಾಂಟ್ ಓಟಿಗೆ ಬಾರದೆ ಮನೆಯಲ್ಲಿ ಕೂತವರನ್ನೂ ಬೇಡದವರ ಗುಂಪಿಗೆ ಸೇರಿಸಿ, ಗೆದ್ದದ್ದು ನಾವೇ ಎಂದರು. ಎರಡೂ ಕಡೆಯವರು ಬೀದಿಗೆ ಬಂದು ಸಂಭ್ರಮಿಸಿದರು. ಮರುತಿಂಗಳು ಚುನಾವಣೆ ಆಗಿ ಇತ್ಯರ್ಥವಾಯಿತು ಅನ್ನಿ. ಸೋತವರೂ ಪಟಾಕಿ ಹೊಡೆಯುವ ಈ ಪದ್ಧತಿ ನಮ್ಮ ಗ್ರಾಮ ಪಂಚಾಯ್ತಿಗಳಿಗೆ ಬಂದರೆ ಎಷ್ಟೋ ತಲೆಗಳು ಉಳಿಯುತ್ತವೆ.

ಈ ಹತ್ತರಲ್ಲಿ ದೊಡ್ಡದು ಪೋಲೆಂಡು. ಅಲ್ಲಿಂದ ಅಗ್ಗದ ಕೂಲಿಗೆ ಪ್ಲಂಬರ್‌ಗಳು ಬಂದು ನಮ್ಮ ಅನ್ನ ಕಿತ್ತುಕೊಳ್ಳುತ್ತಾರೆ ಎಂದು 2005ರಲ್ಲಿ ಫ್ರಾನ್ಸಿನಲ್ಲಿ ಹುಯಿಲೆದ್ದಿತು. ಪೋಲೆಂಡಿನ ಪ್ರವಾಸೋದ್ಯಮದವರು ಸುಂದರಾಂಗನೊಬ್ಬನಿಗೆ ಪ್ಲಂಬರ್ ವೇಷ ಹಾಕಿ, ಕೈಗೆ ಪೈಪು ಕೊಟ್ಟು, ನಾನು ಇಲ್ಲೇ ಇರುತ್ತೇನೆ, ನೀವೇ ಬನ್ನಿ ಎಂಬರ್ಥದ ಪೋಸ್ಟರ್ ಮಾಡಿದರು. ನಗುವುದಾದರೆ ಹೀಗೆ ನಗಬೇಕು. ಆದರೆ 2023ರಲ್ಲಿ ಉಕ್ರೇನಿನ ಅಗ್ಗದ ಗೋಧಿ ಬಂದು ನಮ್ಮ ಬೆಲೆ ಬಿತ್ತು ಎಂದು ಪೋಲೆಂಡಿನ ರೈತರು, ಉಕ್ರೇನಿನ ಲಾರಿಗಳು ಬಾಡಿಗೆ ಕಿತ್ತುಕೊಂಡವು ಎಂದು ಪೋಲೆಂಡಿನ ಲಾರಿಯವರು ಗಡಿಯಲ್ಲಿ ಅಡ್ಡ ನಿಂತರು. ಇವರಿಗೆ ಪೋಸ್ಟರ್ ಮಾಡುವ ಸರದಿ ಉಕ್ರೇನಿನದು, ಪಾಪ, ಯುದ್ಧದ ನಡುವೆ ಪುರುಸೊತ್ತಿಲ್ಲ. ಸ್ಲೊವೇನಿಯಾವೂ 2004ರಲ್ಲೇ ಹತ್ತಿದ್ದು; ಪಕ್ಕದ ಕ್ರೊಯೇಷಿಯಾ ಮೆಟ್ಟಿಲಿಗೆ ಕಾಲಿಡುತ್ತಲೂ ಒಂದು ಕೊಲ್ಲಿಯ ಗಡಿ ತಗಾದೆ ತೆಗೆದು ಕೆಲವು ತಿಂಗಳು ತಡೆದು ನಿಲ್ಲಿಸಿತು.

ಇವರೆಲ್ಲರನ್ನೂ ಮೀರಿಸಿದ ಸಂಕಟ ಮ್ಯಾಸಿಡೋನಿಯದ್ದು. ಆ ಹೆಸರು ನಮ್ಮ ಪ್ರಾಂತ್ಯದ್ದು, ಅದನ್ನಿಟ್ಟುಕೊಂಡು ಹತ್ತಬೇಡ ಎಂದಿತು ಗ್ರೀಸ್. ವರ್ಷಗಟ್ಟಲೆ ಜಗಳವಾಡಿ, ಕೊನೆಗೆ 2019ರಲ್ಲಿ ದೇಶದ ಹೆಸರನ್ನೇ ‘ಉತ್ತರ ಮ್ಯಾಸಿಡೋನಿಯ’ ಎಂದು ಬದಲಾಯಿಸಿಕೊಂಡರು. ಹೆಸರು ಬದಲಿಸಿಕೊಂಡು ಬಂದರೆ, ಅದೇ ವರ್ಷ ಫ್ರಾನ್ಸ್ ಹತ್ತಿಸಿಕೊಳ್ಳುವ ಕ್ರಮವೇ ಸರಿಯಿಲ್ಲ, ಮೊದಲು ಅದನ್ನು ಸರಿ ಮಾಡೋಣ ಎಂದಿತು. ಅದು ಆದ ಮೇಲೆ 2020ರಲ್ಲಿ ಬಲ್ಗೇರಿಯಾ, ನಿಮ್ಮ ಭಾಷೆ ಬೇರೆಯಲ್ಲ, ನಮ್ಮದೇ, ನಿಮ್ಮ ಚರಿತ್ರೆಯೂ ನಮ್ಮದೇ ಎಂದು ಕೈ ಅಡ್ಡ ಹಿಡಿಯಿತು. ಬಲ್ಗೇರಿಯಾ ತಾನು ಹತ್ತಿದ್ದು 2007ರಲ್ಲಿ. ಈ ಕಥೆಯನ್ನು ಅಕ್ಕನಿಗೆ ಹೇಳಿದಾಗ ಅವಳಿಗೆ ರಾಜಕೀಯವೇನೂ ಬೇಕಾಗಲಿಲ್ಲ. “ಹೆಸರು ಬದಲಾಯಿಸ್ಕೊಂಡು ಮದುವೆ ಆಗೋದೇ ಕಷ್ಟ, ಬದಲಾಯಿಸ್ಕೊಂಡ ಮೇಲೆ ಮದುವೇನೂ ಆಗ್ಲಿಲ್ಲ ಅಂದ್ರೆ?” ಎಂದಳು.

ಅಳಿಯ ಯಾವ ಕಡೆ ಓಟು ಹಾಕಿದ ಎಂಬುದು ಇಂದಿಗೂ ಗುಟ್ಟು. “ಹೇಳ್ಬಾರ್ದು ಮಾವ” ಎಂದ. ಯುರೋಪಿನವರು ಬರುವುದು ನಿಂತರೆ ನಮ್ಮವರಿಗೆ ವೀಸಾ ಸಲೀಸಾಗುತ್ತದಂತೆ ಎಂದು ಅವನ ಇಂಡಿಯನ್ ಗೆಳೆಯರು ಮಾತಾಡಿಕೊಳ್ಳುತ್ತಿದ್ದರು ಎಂದಷ್ಟೇ ಬಾಯಿಬಿಟ್ಟ. ಆಗ ಅಲ್ಲಿನ ಕರ‍್ರಿ ಹೋಟೆಲಿನವರಿಗೂ ಬಿಟ್ಟು ಹೋಗೋಣ ಎನ್ನುವವರು ಹೀಗೇ ಆಸೆ ತೋರಿಸಿದ್ದರು. ಅಡಿಗೆಯವರನ್ನು ಕರೆಸಿಕೊಳ್ಳುವುದು ಆಮೇಲೂ ಸುಲಭವಾಗಲಿಲ್ಲ ಎಂದು ಅವರು ದೂರಿದ್ದು ಪತ್ರಿಕೆಗಳಲ್ಲಿ ಬಂತು. ಇವನ ಕಂಪನಿ ಮಾತ್ರ ಯುರೋಪಿನೊಳಗೆ ಒಂದು ಕಾಲಿಟ್ಟಿರಲಿ ಎಂದು ಒಂದಷ್ಟು ಜನರನ್ನು ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್ನಿಗೆ ಕಳಿಸಿತು. ಅವರಲ್ಲಿ ಇವನೂ ಒಬ್ಬ. ಹೀಗೆ ಬ್ರಿಟನ್ ಇಳಿಯಿತು, ಕೆ.ಆರ್. ಪೇಟೆ ಹತ್ತಿತು.

ಹೋದ ಯುಗಾದಿಗೆ ಊರಿಗೆ ಬಂದಿದ್ದ. ಒಬ್ಬಟ್ಟು ತಿಂದು ಜಗುಲಿಯ ಮೇಲೆ ಕೂತು, ಅಲ್ಲಿ ಮನೆ ಸಿಗುವ ಕಷ್ಟ, ಬಾಡಿಗೆ ಏರಿದ ಕಥೆ ಹೇಳುತ್ತಿದ್ದ. “ಯಾಕೋ ಹಂಗೆ?” ಎಂದೆ.

“ಈಚೆಗೆ ತುಂಬ ಇಂಡಿಯನ್ಸ್ ಬಂದ್ಬಿಟ್ಟಿದಾರೆ ಮಾವ. ಒಂದು ಲಿಮಿಟ್ ಬೇಡ್ವ?”

ಅಕ್ಕ ಹಾಲಿನ ಕ್ಯಾನು ಎತ್ತಿಕೊಂಡು ಡೈರಿಗೆ ಹೊರಟವಳು ನಿಂತಳು. ಮಗನಿಗೆ ಏನಾದರೂ ಹೇಳುತ್ತಾಳೆ ಅಂದುಕೊಂಡೆ. ಅವಳು ತಿರುಗಿದ್ದು ನನ್ನ ಕಡೆ.

“ಆ ಹೆಸರು ಬದಲಾಯಿಸ್ಕೊಂಡೋರು, ಅವರನ್ನ ಹತ್ತಿಸ್ಕೊಂಡ್ರೇನೋ?”

“ಇನ್ನೂ ಇಲ್ಲಕ್ಕ” ಎಂದೆ. ಅವರು ಅರ್ಜಿ ಹಾಕಿದ್ದು 2004ರಲ್ಲಿ.